‘ಆದಷ್ಟು ಬೇಗ’ ಅನ್ನುವ ಮಾತು

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ವಿದೇಶಾಂಗ ಸೇವೆಯ ಟ್ರೈನಿಂಗ್ ವಿಷಯ, ದೆಹಲಿಯ ಚಳಿ, ನಿನಗೂ ಅರೇಬಿಕ್ ಭಾಷೆಯೇ ಸಿಕ್ಕಿದ್ದು, ಎಲ್ಲ ಓದಿ ಸಂತೋಷ ಆಯಿತು. ಇಲ್ಲಿನ ಸುದ್ದಿ ನಿಮ್ಮಪ್ಪ ಹೇಳಿಯೇ ಇರುತ್ತಾನೆ, ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯ ಹಾಳೆಯಲ್ಲಿ, ಸಹಿಗೆ ಮುಂಚೆ, ಒಂದು ಸಾಲು ಬರೆದಿದ್ದೀಯಲ್ಲ. “ದೊಡ್ಡಪ್ಪ, ನಾನು ಒಪ್ಪದ ಮಾತನ್ನೂ ಮೂವತ್ತು ವರ್ಷ ನಗುನಗುತ್ತಾ ಹೇಳಿಕೊಂಡು ಹೋದರೆ, ಕೊನೆಗೆ ನನ್ನ ಮಾತು ಯಾವುದು ಅಂತ ನನಗೇ ಮರೆತುಹೋಗಲ್ವಾ?” ಆ ಸಾಲು ನನ್ನ ನಿದ್ದೆ ಕೆಡಿಸಿದೆ.

ಮೂವತ್ತೈದು ವರ್ಷದ ಸರ್ವೀಸಿನಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ನೀನು ಮೊದಲ ಪೋಸ್ಟಿಂಗಿಗೆ ಕೈರೋಗೆ ಹೊರಡುವ ಮುಂಚೆಯೇ ಕೇಳಿದ್ದೀಯ. “ಹೆದರಬೇಡ, ಎಲ್ಲ ಸರಿಹೋಗುತ್ತೆ” ಅಂತ ಮೊದಲು ಬರೆದಿದ್ದೆ. ಹರಿದು ಹಾಕಿದ್ದು ಅದನ್ನೇ.

ನೋಟ್ ವರ್ಬಾಲ್, ಅಂದರೆ ನಮ್ಮ ರಾಯಭಾರ ಕಚೇರಿ ಇನ್ನೊಂದು ದೇಶದ ಸರ್ಕಾರಕ್ಕೆ ಕಳಿಸುವ ಅಧಿಕೃತ ಪತ್ರ, ಬರೆಯುವುದನ್ನು ನಿಮಗೆ ಈಗ ಕಲಿಸುತ್ತಿರಬೇಕು. ಎಷ್ಟೇ ಸಿಟ್ಟಿನ ವಿಷಯ ಇರಲಿ, ಅದು ವಂದನೆಯಿಂದ ಶುರುವಾಗುತ್ತದೆ, ಆ ದೇಶದ ಬಗ್ಗೆ ನಮಗಿರುವ ಪರಮ ಗೌರವವನ್ನು ಮತ್ತೊಮ್ಮೆ ತಿಳಿಸಿ ಮುಗಿಯುತ್ತದೆ. ‘ನಾನು’ ಅನ್ನುವ ಪದಕ್ಕೆ ಅಲ್ಲಿ ಜಾಗ ಇಲ್ಲ. ‘ಭಾರತದ ರಾಯಭಾರ ಕಚೇರಿ ತಿಳಿಸುವುದೇನೆಂದರೆ’ ಅಂತಲೇ ಬರೆಯಬೇಕು. ಕೆಳಗೆ ಪೂರ್ತಿ ಸಹಿ ಕೂಡ ಇಲ್ಲ. ಸೀಲು, ಪಕ್ಕದಲ್ಲಿ ಸಣ್ಣದೊಂದು ಇನಿಷಿಯಲ್. ಥರ್ಡ್ ಸೆಕ್ರೆಟರಿ, ಅಂದರೆ ಕಚೇರಿಯ ಕಿರಿಯ ಅಧಿಕಾರಿ, ಆಗಿದ್ದಾಗ ನನಗೆ ಇದರಿಂದ ಸಮಾಧಾನವೇ ಆಗುತ್ತಿತ್ತು. ನನ್ನ ಹೆಸರೇ ಇಲ್ಲದ ಮಾತು ನನ್ನದು ಹೇಗಾಗುತ್ತೆ ಅಂದುಕೊಳ್ಳುತ್ತಿದ್ದೆ.

ಆಮೇಲೆ ಒಂದು ದಿನ ಬಾಯಿಬಿಟ್ಟೇ ಹೇಳಬೇಕಾಯಿತು. ಯಾವ ದೇಶ, ಏನು ವಿಷಯ ಅಂತ ಈಗಲೂ ಬರೆಯುವಂತಿಲ್ಲ. ಹೇಳಬೇಕು ಅಂತ ದೆಹಲಿಯಿಂದ ಬಂದ ಐದು ಅಂಶ ನನ್ನ ಕೈಯಲ್ಲಿತ್ತು. ಮೂರನೆಯದನ್ನು ನಾನು ಒಪ್ಪಿರಲಿಲ್ಲ. ಎದುರಿಗೆ ಕೂತಿದ್ದ ಅಧಿಕಾರಿ ನನ್ನ ಅಪ್ಪನ ವಯಸ್ಸಿನವರು. ನಾನು ಓದಿದೆ, ಅವರು ಬರೆದುಕೊಂಡರು. ಪೆನ್ನಿನ ಕ್ಯಾಪ್ ಹಾಕಿ, “ನಿಮ್ಮ ಸರ್ಕಾರದ ಮಾತು ಮುಗಿಯಿತಲ್ಲ, ಈಗ ಕಾಫಿ ಕುಡಿಯೋಣ” ಅಂದರು. ಆ ಮಾತು ನನ್ನದಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಅಲ್ಲಿ ನಾನು ಸುಳ್ಳು ಹೇಳಿದ ಹಾಗೆ ಅನ್ನಿಸಲೇ ಇಲ್ಲ. ನಿನ್ನ ಭಯಕ್ಕೆ ಅರ್ಧ ಉತ್ತರ ಇಲ್ಲಿದೆ ಅಂದುಕೊಂಡಿದ್ದೇನೆ. ಇನ್ನರ್ಧ ಬರೆಯುವುದು ನನಗೆ ಕಷ್ಟ.

ಅದಕ್ಕೆ ಮುಂಚೆ ಒಂದು ಮಾತು. ಒಪ್ಪಿಗೆ ಇಲ್ಲದಿದ್ದರೆ ತೀರ್ಮಾನ ಆಗುವ ಮುಂಚೆಯೇ ಫೈಲಿನಲ್ಲಿ ಬರೆ. ನೇರವಾಗಿ, ಕಾರಣ ಕೊಟ್ಟು ಬರೆ. ಮೂರನೇ ಅಂಶದ ಬಗ್ಗೆ ನಾನು ಹಾಗೆ ಬರೆದಿರಲಿಲ್ಲ. ಬರೆದಿದ್ದರೂ ಅದು ಬದಲಾಗುತ್ತಿರಲಿಲ್ಲವೇನೋ. ಆದರೂ ಬರೆಯಬೇಕಿತ್ತು.

ನಿನ್ನ ಸಾಲು ಓದಿದಾಗಿನಿಂದ ನನಗೆ ಮುತ್ತಮ್ಮನವರ ನೆನಪು. ಸಿ. ಬಿ. ಮುತ್ತಮ್ಮ, ನಮ್ಮ ಕೊಡಗಿನ ವಿರಾಜಪೇಟೆಯವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅವರ ಹೆಸರು ನಿನಗೆ ಪಾಠದಲ್ಲಿ ಬಂದಿರುತ್ತದೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಅವರ ಕೈಲಿ ಬರೆಸಿಕೊಂಡಿದ್ದರು. ನಿಯಮಗಳೂ ಹಾಗೇ ಇದ್ದವು. ಹೆಣ್ಣುಮಗಳು ಮದುವೆಗೆ ಸರ್ಕಾರದ ಒಪ್ಪಿಗೆ ಕೇಳಬೇಕು. ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ಮನೆಗೆ ಹೋಗಬೇಕು. ಬಡ್ತಿಯಲ್ಲಿ ತಮ್ಮನ್ನು ಬಿಟ್ಟಾಗ ಅವರು ಸೇವೆಯಲ್ಲಿದ್ದುಕೊಂಡೇ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ ಅರ್ಜಿಯನ್ನು ವಜಾ ಮಾಡಿದರು, ನಿಜ. ಆದರೆ ಹೆಣ್ಣು ಅನ್ನುವ ಕಾರಣಕ್ಕೇ ಭೇದ ಮಾಡುವ ಆ ನಿಯಮಗಳನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಖಂಡಿಸಿದರು. ಮುತ್ತಮ್ಮನವರು ಹಂಗೇರಿ, ಘಾನಾ, ನೆದರ್ಲೆಂಡ್ಸ್ ದೇಶಗಳಲ್ಲಿ ರಾಯಭಾರಿ ಹುದ್ದೆಯಲ್ಲಿದ್ದರು. ಅಲ್ಲೆಲ್ಲ ದೇಶದ ಪರವಾಗಿ ಮಾತಾಡಿದವರೇ ತಮ್ಮ ದೇಶದ ಸರ್ಕಾರಕ್ಕೆ ಕೋರ್ಟಿನಲ್ಲಿ ತಮ್ಮದೇ ಮಾತು ಹೇಳಿದರು. ಅವರಿಗೆ ಮರೆತುಹೋಗಿರಲಿಲ್ಲ, ಅಲ್ವಾ?

2009ರಲ್ಲಿ ತೀರಿಕೊಂಡರು, ನಮ್ಮ ಬೆಂಗಳೂರಿನಲ್ಲೇ. ರಜೆಗೆ ಬಂದಾಗ ಒಂದು ಸಲವಾದರೂ ಹೋಗಿ ಕಾಣಬಹುದಿತ್ತು. ಹೋಗಲಿಲ್ಲ. ಇವತ್ತು ನಿನ್ನ ಪ್ರಶ್ನೆಯನ್ನು ಅವರಿಗೇ ಕೇಳಬೇಕು ಅನ್ನಿಸುತ್ತದೆ.

ನನ್ನ ಮಾತು ಪೂರ್ತಿ ನನ್ನದೇ ಆಗಿದ್ದ ಒಂದು ದಿನ ಚೆನ್ನಾಗಿ ನೆನಪಿದೆ. 1990. ಆಗಸ್ಟ್ 2ಕ್ಕೆ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿತು. ನಾನಾಗ ಜೋರ್ಡಾನಿನ ಅಮ್ಮಾನಿನಲ್ಲಿದ್ದೆ. ಕುವೈತಿನಿಂದ ನಮ್ಮ ಜನ ಬಸ್ಸುಗಳಲ್ಲಿ ಬಾಗ್ದಾದ್ ದಾಟಿ, ಮರುಭೂಮಿ ದಾಟಿ ಬರುತ್ತಿದ್ದರು. ಅವರನ್ನು ಊರಿಗೆ ಕಳಿಸಲು ಸುಮಾರು ಎರಡು ತಿಂಗಳಲ್ಲಿ 488 ವಿಮಾನ, 1,70,000ಕ್ಕೂ ಜಾಸ್ತಿ ಜನ. ಆ ಲೆಕ್ಕ ಈಗ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಅದು ಅಂದರೆ ನೆನಪಾಗುವುದು ಒಂದು ಉದ್ದನೆ ಮೇಜು, ಎಮರ್ಜೆನ್ಸಿ ಸರ್ಟಿಫಿಕೇಟಿನ ಕಟ್ಟು, ಬೆವರಿಗೆ ಒದ್ದೆಯಾಗಿ ಅಂಟಿಕೊಂಡ ಫೋಟೋಗಳು. ಪಾಸ್‌ಪೋರ್ಟ್ ಇಲ್ಲದವರನ್ನು ಆ ಒಂದು ಕಾಗದದ ಮೇಲೆ ಊರಿಗೆ ಕಳಿಸಬೇಕು.

ಉಡುಪಿ ಕಡೆಯವರೊಬ್ಬರು ಇದ್ದರು. ಕುವೈತಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದವರು. ಕೈಯಲ್ಲಿ ಒಂದು ಸ್ಟೀಲ್ ಟಿಫನ್ ಕ್ಯಾರಿಯರ್, ಬೇರೆ ಸಾಮಾನೇ ಇಲ್ಲ. ನಾನು ಅಭ್ಯಾಸದ ಹಾಗೆ ಇಂಗ್ಲಿಷಿನಲ್ಲಿ ವ್ಯವಸ್ಥೆ ಆಗುತ್ತಿದೆ ಅಂತ ಏನೋ ಹೇಳಿದೆ. ಅವರು ನನ್ನ ನೇಮ್ ಪ್ಲೇಟ್ ನೋಡಿ ಕನ್ನಡದಲ್ಲಿ ಕೇಳಿದರು. “ಸಾರ್, ವಿಮಾನ ಉಂಟಾ, ಇಲ್ವಾ? ಒಂದು ಹೇಳಿಬಿಡಿ.” ನಾನು ಪಟ್ಟಿ ನೋಡಿ ಹೇಳಿದೆ. “ಇವತ್ತು ಇಲ್ಲ. ನಾಳೆನೂ ಸಿಗಲ್ಲ. ನಾಡಿದ್ದಿನ ಪಟ್ಟಿಯಲ್ಲಿ ನಿಮ್ಮ ಹೆಸರಿದೆ.” ಬೈಯುತ್ತಾರೆ ಅಂದುಕೊಂಡೆ. ಅವರು ಗೋಡೆ ಬದಿಗೆ ಹೋದರು, ಕ್ಯಾರಿಯರನ್ನು ತಲೆ ಹತ್ತಿರ ಇಟ್ಟುಕೊಂಡರು, ಮಲಗಿದರು. ಐದು ನಿಮಿಷಕ್ಕೆ ಗೊರಕೆ. ಎಷ್ಟು ದಿನದಿಂದ ನಿದ್ದೆ ಮಾಡಿರಲಿಲ್ಲವೋ.

ಗೊತ್ತಿಲ್ಲದ ಒಬ್ಬ ಮನುಷ್ಯರಿಗೆ ‘ಇಲ್ಲ’ ಅಂತ ಅಷ್ಟು ನೇರವಾಗಿ ಹೇಳಿದವನು ನಾನು. ಈಗ ಆ ಇನ್ನರ್ಧಕ್ಕೆ ಬರುತ್ತೇನೆ.

ಅಜ್ಜಿಯ ಕೊನೆಯ ದಿನಗಳ ಕತೆ ನಿನಗೆ ಗೊತ್ತು. ಆಗ ನೀನು ಎಲ್‌ಕೆಜಿ. ನಾನು ಬಂದು ಸೇರಿದ್ದು ಮೂರನೇ ದಿನ ಅನ್ನುವುದೂ ಗೊತ್ತು. ಗೊತ್ತಿಲ್ಲದ್ದು ಬೇರೆ ಇದೆ. 2004ರ ಮಾರ್ಚಿನಲ್ಲಿ ಅಮ್ಮ ಫೋನಿನಲ್ಲಿ ಕೇಳಿದಳು. “ಯುಗಾದಿಗೆ ಬರ್ತೀಯೇನೋ?” ಆಗಲ್ಲ ಅಂತ ನನಗೆ ಗೊತ್ತಿತ್ತು. ದೆಹಲಿಯಿಂದ ಒಂದು ನಿಯೋಗ ಬರುವುದಿತ್ತು, ರಜೆ ಕೇಳಿಯೇ ಇರಲಿಲ್ಲ. ನಾನು ಹೇಳಿದ್ದು, “ಪ್ರಯತ್ನ ಮಾಡ್ತಿದೀನಮ್ಮ, ಆದಷ್ಟು ಬೇಗ.” ಗೌರಿ ಹಬ್ಬಕ್ಕೂ ಅದೇ ಮಾತು. ದೀಪಾವಳಿಗೂ ಅದೇ. ಕಚೇರಿಯಲ್ಲಿ ಅದು ತುಂಬ ಒಳ್ಳೆಯ ಮಾತು, ಪುಟ್ಟಿ. ಬಾಗಿಲು ಹಾಕಿದ ಹಾಗೂ ಆಗುವುದಿಲ್ಲ, ಭಾಷೆ ಕೊಟ್ಟ ಹಾಗೂ ಆಗುವುದಿಲ್ಲ. ಹೇಳುವವನಿಗೂ ಕೇಳುವವನಿಗೂ ಅದರ ಬೆಲೆ ಗೊತ್ತಿರುತ್ತದೆ. ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಅದನ್ನು ಮಗನ ಮಾತು ಅಂತಲೇ ನಂಬಿದಳು.

ಕಾರ್ಯ ಎಲ್ಲ ಮುಗಿದ ಮೇಲೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಚಟ್ನಿಪುಡಿ. ಹೊರಗೆ ಅನ್ನದ ಅಗುಳಿನಿಂದ ಅಂಟಿಸಿದ ಚೀಟಿ, ನನ್ನ ಹೆಸರು, ಕೆಳಗೆ ‘ದೀಪಾವಳಿ’ ಅಂತ ಅಮ್ಮನ ಕೈಬರಹ. ಉಗುರಿನಿಂದ ಅಂಚು ಎಬ್ಬಿಸಿದೆ. ಅದರ ಅಡಿಯಲ್ಲಿ ಇನ್ನೊಂದು, ‘ಗೌರಿ’. ಅದರಡಿ ‘ಯುಗಾದಿ’. ಪ್ರತಿ ಸಲ ಹಳೆಯ ಪುಡಿಯನ್ನು ಮನೆಯವರಿಗೆ ಬಡಿಸಿ ಮುಗಿಸಿ, ಹೊಸದಾಗಿ ಕುಟ್ಟಿ ತುಂಬಿದ್ದಾಳೆ. ಹಳೇ ಮನೆಗಳ ಬಾಗಿಲ ಮೇಲೆ ದೆವ್ವಕ್ಕೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರಲ್ಲ, ನಾನು ಹೆತ್ತ ತಾಯಿಗೆ ಹಾಗೆ ಬರೆದಿಟ್ಟಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮಪ್ಪನಿಗೂ ಇಲ್ಲ. ನೀನು ‘ನನ್ನ ಮಾತು ಮರೆತುಹೋಗಲ್ವಾ’ ಅಂದೆಯಲ್ಲ. ನನಗೆ ಅದು ಮರೆತದ್ದು ಯಾವ ವಿದೇಶಿ ಮೇಜಿನ ಮುಂದೆಯೂ ಅಲ್ಲ. ಮನೆಯ ಫೋನಿನಲ್ಲಿ. ನಿನ್ನ ದೊಡ್ಡಮ್ಮನಿಗೂ ಹೀಗೇ ಎಷ್ಟು ಸಲ ಹೇಳಿದ್ದೇನೋ. ಅವಳು ಲೆಕ್ಕ ಇಟ್ಟಿಲ್ಲ, ಅದು ಅವಳ ದೊಡ್ಡತನ.

ಹಿತವಚನ ಬೇಕು ಅಂತ ಕೇಳಿದ್ದೀಯ. ಕೊಡುವ ಯೋಗ್ಯತೆ ಎಷ್ಟಿದೆಯೋ ಗೊತ್ತಿಲ್ಲ. ಒಂದು ನೋಟ್‌ಬುಕ್ ಇಟ್ಟುಕೋ, ರಾತ್ರಿ ಕನ್ನಡದಲ್ಲಿ ಮೂರು ಸಾಲು ಬರೆ. ಕಚೇರಿ ವಿಷಯ ಒಂದಕ್ಷರವೂ ಬೇಡ, ಅದು ತಪ್ಪು. ಆವತ್ತು ಏನು ಇಷ್ಟವಾಯಿತು, ಏನು ಆಗಲಿಲ್ಲ, ಅಷ್ಟೇ. ನಾನು ಮಾಡಿದವನಲ್ಲ, ಮಾಡಬೇಕಿತ್ತು ಅನ್ನಿಸುತ್ತೆ. ಕೈರೋದಲ್ಲಿ ಅರೇಬಿಕ್ ಚೆನ್ನಾಗಿ ಕಲಿ, ಪರೀಕ್ಷೆ ಪಾಸಾಗದೆ ಕೆಲಸ ಖಾಯಂ ಆಗಲ್ಲ ಅನ್ನುವುದು ಸರಿಯೇ. ಆದರೆ ತರಕಾರಿಯವನ ಹತ್ತಿರವೂ ಕಲಿ. ಅಲ್ಲಿ ‘ಬುಕ್ರಾ’ ಅಂದರೆ ನಾಳೆ. ಆ ಪದ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬಿದ್ದಾಗೆಲ್ಲ ನಿಮ್ಮಮ್ಮನಿಗೆ ಒಂದು ಫೋನ್ ಮಾಡಿಬಿಡು. ಇದು ಹುಚ್ಚು ಸಲಹೆ ಅನ್ನಿಸಿದರೆ ಬಿಡು.

ನಿಮ್ಮಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಮಾತ್ರ ಮೃದು ಮಾಡಿ ಹೇಳಬೇಡ. ಆಗಲ್ಲ ಅಂದರೆ ಅಳುತ್ತಾಳೆ, ಆಮೇಲೆ ಊಟ ಮಾಡಿ ಮಲಗುತ್ತಾಳೆ.

ಗಾಂಧಿ ಬಜಾರಿನಲ್ಲಿ ಅವರೆಕಾಯಿ ಇನ್ನೂ ಬರುತ್ತಿದೆ. ಹೊರಡುವ ಮುಂಚೆ ಬೆಂಗಳೂರಿಗೆ ಬಂದು ಹೋಗಲು ಎಷ್ಟು ದಿನ ಸಿಗುತ್ತೆ, ಶನಿವಾರ ಫೋನ್ ಮಾಡಿ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಬರಲು ಆಗದಿದ್ದರೆ ಆಗಲ್ಲ ಅನ್ನು. ದೊಡ್ಡಮ್ಮ ಚಟ್ನಿಪುಡಿಗೆ ಬೇಳೆ ಹುರಿಯಲಾ ಬೇಡವಾ ಅಂತ ಕೇಳುತ್ತಿದ್ದಾಳೆ.

ನಿನ್ನ
ದೊಡ್ಡಪ್ಪ