ಒಮಾನ್ ಟೂರ್: ವಾರ ನೋಡದೆ ಮಾಡಿದ ಪ್ಲಾನ್ ಬಗ್ಗೆ ದೂರು

ನಮಸ್ಕಾರ ಸರ್,

ಡಿಸೆಂಬರ್‌ನಲ್ಲಿ ನಿಮ್ಮ ಕಡೆಯಿಂದ ಏಳು ದಿನದ ಒಮಾನ್ ಪ್ಯಾಕೇಜ್ ತಗೊಂಡು ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಬಂದ ಮೇಲೆ ಎರಡು ಸಲ ಫೋನ್ ಮಾಡಿದೀನಿ, ನೋಡ್ತೀವಿ ಅಂದಿದ್ದು ಬಿಟ್ರೆ ಯಾರೂ ತಿರುಗಿ ಮಾಡಿಲ್ಲ, ಅದಕ್ಕೇ ಬರೆದು ಕಳಿಸ್ತಿದೀನಿ.

ನಮ್ಮಪ್ಪ ಶಿರಾ ಕಡೆಯವರು, ಜೀವನ ಪೂರ್ತಿ ಕುರಿ ಮೇಕೆ ಸಾಕಿದವರು. ಬುಕ್ ಮಾಡೋವಾಗಲೇ ನಿಮ್ಮ ಆಫೀಸಲ್ಲಿ ಕೂತು ಹೇಳಿದ್ದೆ, ಮರಳುಗಾಡು ಗಿರಳುಗಾಡು ಎಲ್ಲ ಇರ್ಲಿ, ಅವರಿಗೆ ನಿಜ್ವಾ ಅನ್ನೋ ಊರಿನ ಮೇಕೆ ಸಂತೆ ತೋರಿಸ್ಲೇಬೇಕು ಅಂತ. ನಮ್ಮ ಕಡೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾಡ್ತಾರೆ, ಅಲ್ಲಿ ಮೇಕೆ ಹಿಡ್ಕೊಂಡು ಗುಂಡಗೆ ಸುತ್ತು ಹಾಕ್ತಾ ಕೂಗಿ ಹೇಳ್ತಾರಂತೆ, ಅದನ್ನ ನೋಡ್ಬೇಕು ಅಂತ ಅಪ್ಪನಿಗೆ ತುಂಬಾ ಆಸೆ. ಆ ಸಂತೆ ಸೇರೋದು ಶುಕ್ರವಾರ ಬೆಳಗ್ಗೆ. ನೀವು ಹಾಕಿದ್ದು ಬುಧವಾರ!

ಬೆಳಗ್ಗೆ ಆರೂವರೆಗೆ ಹೋಗಿ ನಿಂತ್ರೆ ಜಾಗ ಪೂರ್ತಿ ಖಾಲಿ. ಹಗ್ಗದ ತುಂಡೊಂದು ಬಿದ್ದಿತ್ತು, ಅಪ್ಪ ಅದನ್ನೇ ಎತ್ಕೊಂಡು ಹೊಸೆದಿರೋದನ್ನ ಬೆರಳಲ್ಲಿ ಬಿಡಿಸಿ ನೋಡಿ ಮತ್ತೆ ಅಲ್ಲೇ ಇಟ್ರು. ಪಕ್ಕದ ಅಂಗಡಿಯವನು ನಮ್ಮನ್ನ ನೋಡಿ ಜುಮಾ ಜುಮಾ, ಅಂದ್ರೆ ಶುಕ್ರವಾರ ಅಂದ, ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳ ಜೊತೆ ಬೆಳೆದ ಅಪ್ಪನಿಗೆ ನನಗಿಂತ ಮೊದಲೇ ಅರ್ಥ ಆಯ್ತು. ಏನೂ ಅನ್ಲಿಲ್ಲ, ಬಾ ಹೋಗಣ ಅಂದ್ರು ಅಷ್ಟೇ.

ಇನ್ನು ಶುಕ್ರವಾರಕ್ಕೆ ನೀವು ಹಾಕಿದ್ದೇನು ಅಂದ್ರೆ ಮಸ್ಕತ್‌ನ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ, ಅಲ್ಲಿಗೆ ಬೇರೆ ಧರ್ಮದವರನ್ನ ಬಿಡೋದು ಶನಿವಾರದಿಂದ ಗುರುವಾರದವರೆಗೆ, ಬೆಳಗ್ಗೆ 8ರಿಂದ 11. ಶುಕ್ರವಾರ ಇಲ್ಲ. ಅಮ್ಮ ತಲೆಗೆ ಹೊದ್ಕೊಳ್ಳೋಕೆ ಅಂತ ಊರಿಂದಲೇ ದುಪಟ್ಟಾ ತಂದಿದ್ರು. ಮಸೀದಿ ಭಾನುವಾರಕ್ಕೆ ಹಾಕಿ ಗುರುವಾರ ರಾತ್ರಿ ನಿಜ್ವಾದಲ್ಲಿ ಉಳಿಸಿದ್ರೆ ಎರಡೂ ಸಿಗ್ತಿತ್ತು, ನಮ್ಮ ಫ್ಲೈಟ್ ಇದ್ದಿದ್ದು ಶುಕ್ರವಾರ ರಾತ್ರಿ, ಸಂತೆ ಮುಗಿಸಿ ಮಸ್ಕತ್‌ಗೆ ಎರಡು ಗಂಟೆ ದಾರಿ.

ಕಾರಿಂದು ಬೇರೆ ಕಥೆ. ವೋಚರ್‌ನಲ್ಲಿ ಫೋರ್ ಬೈ ಫೋರ್ ಅಂತಿದೆ, ಏರ್‌ಪೋರ್ಟಲ್ಲಿ ಕೊಟ್ಟಿದ್ದು ಸೆಡಾನ್, ಅಲ್ಲಿಂದಲೇ ನಿಮಗೆ ಫೋನ್ ಮಾಡಿದ್ರೆ ರೋಡ್ ಚೆನ್ನಾಗಿದೆ ಸರ್ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಿ. ವಹೀಬಾ ಮರಳುಗಾಡಿಗೆ ಅದು ಇಳಿಯಲ್ಲ, ಕ್ಯಾಂಪ್‌ನವರೇ ಗಾಡಿ ಕಳಿಸಿ ಬೇರೆ ದುಡ್ಡು ತಗೊಂಡ್ರು. ಜಬಲ್ ಅಖ್ದರ್ ಬೆಟ್ಟ ಹತ್ತೋಕೆ ಬಿರ್ಕತ್ ಅಲ್ ಮೌಜ್ ಹತ್ರ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ಬೈ ಫೋರ್ ಇಲ್ದಿದ್ರೆ ಬಿಡಲ್ಲ, ಟೂರ್ ಮಾಡಿಸೋರಿಗೆ ಇದು ಗೊತ್ತಿಲ್ಲ ಅಂದ್ರೆ ಹೇಗೆ ನಂಬೋದು? ವಾಪಸ್ ಕಳಿಸಿದ್ರು, ಮೇಲಿನ ಹೋಟೆಲ್ ರೂಮಿನ ದುಡ್ಡು ಹೋಯ್ತು, ಕೆಳಗೆ ಇನ್ನೊಂದು ರೂಮ್ ಹುಡುಕ್ಬೇಕಾಯ್ತು.

ವಾದಿ ಶಾಬ್ ಕಣಿವೆ ಮಾತ್ರ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ.

ನನಗೆ ಬರ್ಬೇಕಾಗಿರೋದು ಕಾರಿನ ಬಾಡಿಗೆ ವ್ಯತ್ಯಾಸ, ಕ್ಯಾಂಪ್ ಗಾಡಿ ಖರ್ಚು, ಎರಡೂ ರೂಮಿನ ದುಡ್ಡು. ಬಿಲ್, ವೋಚರ್, ನೀವು ಕಳಿಸಿದ ಪ್ಲಾನ್ ಎಲ್ಲ ಇದರ ಜೊತೆ ಹಾಕಿದೀನಿ. 15 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಮತ್ತೆ ಒಂದು, ಅಪ್ಪನಿಗೆ ನೀವೇ ಒಂದು ಫೋನ್ ಮಾಡಿ ತಪ್ಪಾಯ್ತು ಅಂತ ಹೇಳ್ಬೇಕು. ತಾವೇ ಸರಿಯಾಗಿ ವಾರ ಕೇಳ್ಕೊಳ್ಳಲಿಲ್ಲ ಅಂತ ಅವರು ಇನ್ನೂ ಅಂದ್ಕೊಂಡಿದಾರೆ.