ಸುಕ್ರಜ್ಜಿ ಹೆಸರಿಗೆ ಪುತ್ಥಳಿ ಆಮೇಲಾಗ್ಲಿ, ಮೊದ್ಲು ಹಾಡು ಕಲಿಯೋಕೆ ಜಾಗ ಮಾಡಿ

ಸಂಪಾದಕರಿಗೆ ನಮಸ್ಕಾರ,

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು, ನಮ್ಮ ಜಿಲ್ಲೆಯವ್ರ ಬಾಯಲ್ಲಿ ಸುಕ್ರಜ್ಜಿ, 2025ರ ಫೆಬ್ರವರಿ 13ಕ್ಕೆ ತೀರಿಕೊಂಡ್ರು. ಅದಕ್ಕೆ ಎರಡೇ ತಿಂಗಳ ಮುಂಚೆ, 2024ರ ಡಿಸೆಂಬರ್ 16ಕ್ಕೆ, ಹೊನ್ನಳ್ಳಿಯ ತುಳಸಿ ಗೌಡರು ಹೋಗಿದ್ರು. ಒಂದೇ ತಾಲೂಕು, ಒಂದೇ ಹಾಲಕ್ಕಿ ಸಮಾಜ, ಇಬ್ರೂ ಪದ್ಮಶ್ರೀ, ತುಳಸಿ ಗೌಡರು ಗಿಡ ಬೆಳೆಸಿದವ್ರು, ಸುಕ್ರಜ್ಜಿ ಹಾಡು ಉಳಿಸಿದವ್ರು. ಇಬ್ರೂ ಹೋದಾಗ ಎಲ್ಲಾ ಕಡೆ ಬ್ಯಾನರ್ ಬಿದ್ವು, ಎಲ್ರ ಮೊಬೈಲ್ ಸ್ಟೇಟಸ್‌ನಲ್ಲೂ ಅವ್ರದ್ದೇ ಫೋಟೋ, ದೊಡ್ಡವ್ರೆಲ್ಲ ಬಂದು ಮಾತಾಡಿ ಹೋದ್ರು. ಈಗ ಸುಕ್ರಜ್ಜಿ ಹೆಸರಲ್ಲಿ ಏನಾದ್ರೂ ಮಾಡ್ಬೇಕಪ್ಪಾ ಅಂತ ಎಲ್ಲಾದ್ರೂ ಮಾತು ಬಂದ್ರೆ ಅದು ಪುತ್ಥಳಿ, ವೃತ್ತ, ರಸ್ತೆಗೊಂದು ಹೆಸರು ಇಷ್ಟಕ್ಕೇ ಬಂದು ನಿಲ್ತದೆ. ಮಾಡ್ಲಿ, ಖುಷಿನೇ. ಆದ್ರೆ ಅಜ್ಜಿ ಬದುಕಿದ್ದಷ್ಟು ದಿನ ಹೇಳ್ಕೊಂಡು ಬಂದ ಹಾಡುಗಳನ್ನ ಇನ್ನೊಂದು ಹತ್ತು ವರ್ಷಕ್ಕೆ ಯಾರು ಹೇಳ್ತಾರೆ, ಎಲ್ಲಿ ಕೂತು ಕಲೀತಾರೆ ಅನ್ನೋದ್ರ ಬಗ್ಗೆ ಯಾರೂ ಮಾತಾಡ್ತಾ ಇಲ್ಲ, ಅದಕ್ಕೇ ಈ ಪತ್ರ.

ನಾನು ಅಂಕೋಲೆ ತಾಲೂಕಿನ ಒಂದು ಸರ್ಕಾರಿ ಶಾಲೆಯ ಅಕ್ಕೋರು, ಅಂದ್ರೆ ಟೀಚರ್. ನನ್ನ ಕ್ಲಾಸಲ್ಲಿ ಹಾಲಕ್ಕಿ ಮಕ್ಕಳು ತುಂಬಾ ಇದಾರೆ. ಸುಕ್ರಜ್ಜಿ ಯಾರು ಅಂತ ಕೇಳಿದ್ರೆ ಎಲ್ಲಾ ಕೈ ಎತ್ತುತ್ತಾರೆ, ಪದ್ಮಶ್ರೀ ಯಾವಾಗ ಬಂತು ಅಂದ್ರೆ 2017 ಅಂತ ಪಟ್ಟಂತ ಹೇಳ್ತಾರೆ, ಜನರಲ್ ನಾಲೆಡ್ಜ್‌ಗೆ ಬಾಯಿಪಾಠ ಮಾಡಿದಾರಲ್ಲ. ಅಜ್ಜಿ ಹೇಳ್ತಿದ್ದ ಒಂದು ಹಾಡು ಹೇಳ್ರೋ ಅಂದ್ರೆ ಮಾತ್ರ ಒಬ್ರ ಮುಖ ಒಬ್ರು ನೋಡ್ತಾರೆ. ಮಕ್ಕಳನ್ನ ಬೈಯೋದಲ್ಲ ಇದು, ಅವ್ರಿಗೆ ಯಾರು ಹೇಳ್ಕೊಟ್ಟಿದಾರೆ ಹೇಳಿ.

ಸುಕ್ರಜ್ಜಿ ಅಂದ್ರೆ ಬರೀ ಹಾಡುಗಾರ್ತಿ ಅಂತ ಹೊರಗಿನವ್ರು ತಿಳ್ಕೊಂಡಿದಾರೆ. ಹಾಲಕ್ಕಿಗಳಲ್ಲಿ ಊರಗೌಡ, ಬುದ್ವಂತ, ಕೋಲಕಾರ ಅಂತ ಹಿಂದಿನಿಂದ ಬಂದ ಯಜಮಾನಿಕೆಯ ಕ್ರಮ ಇದೆ, ಎಲ್ಲ ಗಂಡಸರದ್ದೇ. ಅಂಥಾ ಕಡೆ ಶಾಲೆಗೆ ಹೋಗದ, ಗದ್ದೆ ಕೆಲಸ ಮಾಡ್ಕೊಂಡಿದ್ದ ಒಬ್ಬ ಹೆಂಗಸು ಮುಂದೆ ನಿಂತು ಊರಲ್ಲಿ ಸಾರಾಯಿ ಮಾರೋದು ನಿಲ್ಬೇಕು ಅಂತ ಹೆಂಗಸರನ್ನ ಕಟ್ಕೊಂಡು ಹೋರಾಡಿದ್ರು ಅಂದ್ರೆ ಅದು ಸಣ್ಣ ಮಾತಲ್ಲ. ಸ್ವಂತ ಮನೆಯಲ್ಲೇ ಕುಡಿತದ ಸಂಕಟ ಉಂಡವ್ರು ಅವ್ರು. ರಾಜ್ಯದಲ್ಲಿ ಸಾರಾಯಿ ನಿಷೇಧ ಆಗಿದ್ದು 2007ರಲ್ಲಿ, ಅದಕ್ಕೂ ಎಷ್ಟೋ ಮುಂಚೆಯೇ ಬಡಗೇರಿ ಹೆಂಗಸರು ರಸ್ತೆಗೆ ಇಳಿದಿದ್ರು. ಆಮೇಲೆ ಹಾಲಕ್ಕಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನೋ ಬೇಡಿಕೆ, ಅದನ್ನೂ ಸಿಕ್ಕ ಸಿಕ್ಕ ವೇದಿಕೆಯಲ್ಲೆಲ್ಲ ಹೇಳಿದ್ರು, ಮಂತ್ರಿ ಎದುರು ಕೂತಿದ್ರೂ ಹೇಳಿದ್ರು, ಸನ್ಮಾನದ ಶಾಲು ಹೆಗಲ ಮೇಲೆ ಇದ್ದಾಗ್ಲೂ ಹೇಳಿದ್ರು, ಅದು ಆಗೋದನ್ನ ನೋಡೋ ಭಾಗ್ಯ ಮಾತ್ರ ಕೊನೆವರೆಗೂ ಅವ್ರಿಗೆ ಸಿಗ್ಲಿಲ್ಲ.

ಈಗ ಹಾಡಿನ ವಿಷಯಕ್ಕೆ ಬರ್ತೀನಿ. ನಮ್ಮ ಶಾಲೆಯಲ್ಲಿ ಒಂದ್ಸಲ ಪ್ರತಿಭಾ ಕಾರಂಜಿ ಟೈಮಲ್ಲಿ ಮಕ್ಕಳಿಗೆ ಜಾನಪದ ಹಾಡು ಕಲಿಸ್ಬೇಕಿತ್ತು. ಎಲ್ರೂ ಮಾಡೋ ಹಂಗೆ ಯೂಟ್ಯೂಬ್ ನೋಡಿ ಕಲಿಸೋದು ಬೇಡ ಅಂತ ಹತ್ತಿರದ ಕೊಪ್ಪದಿಂದ, ಅಂದ್ರೆ ಹಾಲಕ್ಕಿಗಳ ಕೇರಿಯಿಂದ, ಒಬ್ಬ ಅಜ್ಜಿಯನ್ನ ಕರೆಸಿದ್ವಿ. ಕುರ್ಚಿ ಹಾಕಿ ಕೂರಿಸಿ ಮೈಕ್ ಕೈಗೆ ಕೊಟ್ವಿ. ಅಜ್ಜಿಗೆ ಹಾಡೇ ಬರ್ಲಿಲ್ಲ. ಎರಡು ಸೊಲ್ಲು ಹೇಳಿ ನಿಲ್ಸೋದು, ಮರ್ತೋಯ್ತು ಅನ್ನೋದು, ಮತ್ತೆ ಶುರು ಮಾಡೋದು. ನಮಗೂ ಅಯ್ಯೋ ಪಾಪ ಅನ್ನಿಸ್ತು. ಆಮೇಲೆ ಅಜ್ಜಿನೇ ಕುರ್ಚಿ ಬಿಟ್ಟು ಕೆಳಗೆ ಜಗುಲಿ ಮೇಲೆ ಕೂತು ಅಲ್ಲೇ ಬಿದ್ದಿದ್ದ ತೆಂಗಿನ ಗರಿ ಎಳ್ಕೊಂಡು ಸೀಳಿ ಕಡ್ಡಿ ತೆಗೆಯೋಕೆ ಹತ್ತಿದ್ರು, ಕಸಬರಿಗೆ ಕಟ್ಟೋಕೆ ತೆಗೀತಾರಲ್ಲ ಹಂಗೆ. ಒಂದು ಕೈಲಿ ಗರಿ ಹಿಡ್ಕೊಂಡು ಇನ್ನೊಂದು ಕೈಲಿ ಸರ್ರಂತ ಎಳೆಯೋದು, ಎಳೆದಾಗೆಲ್ಲ ಕೊರಳಲ್ಲಿದ್ದ ಮಣಿಸರದ ರಾಶಿ ಒಂಚೂರು ಅಲ್ಲಾಡೋದು, ಅದೇ ಲಯಕ್ಕೆ ಹಾಡು ತಾನಾಗೇ ಬಂತು ನೋಡಿ. ಒಂದಾದ ಮೇಲೆ ಒಂದು. ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆದ್ರೂ ಮುಗಿದಿರ್ಲಿಲ್ಲ. ಅಡುಗೆಯ ಹೆಂಗಸರಲ್ಲಿ ಒಬ್ರು ಒಳಗಿಂದ ಬಂದು ಪಕ್ಕ ಕೂತ್ಕೊಂಡು ಅಜ್ಜಿ ಹೇಳಿದ ಸೊಲ್ಲನ್ನ ಎತ್ಕೊಂಡು ಹೇಳೋಕೆ ಶುರು ಮಾಡಿದ್ರು, ಅವ್ರಿಗೆ ಹಾಡು ಬರ್ತದೆ ಅಂತ ಅಲ್ಲಿವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ! ಒಬ್ರು ಹೇಳೋದು, ಇನ್ನೊಬ್ರು ಎತ್ಕೊಳ್ಳೋದು, ಇದು ಹಿಂಗೇ ಇರೋ ಹಾಡು. ಒಬ್ರನ್ನೇ ಮೈಕ್ ಮುಂದೆ ನಿಲ್ಲಿಸಿದ್ರೆ ಅರ್ಧ ಹಾಡು ಅಲ್ಲೇ ಸತ್ತೋಗ್ತದೆ.

ಸುಕ್ರಜ್ಜಿ ಕೂಡ ಹಿಂಗೇ ಕಲಿತವ್ರು, ತಾಯಿ ಬಾಯಿಂದ, ಕೆಲಸದ ನಡುವೆ. ನಟ್ಟಿ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಿಂತಾಗ ಒಂದು ಹಾಡು, ಮದುವೆ ಮನೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡು, ತೊಟ್ಟಿಲಿಗೊಂದು, ಸುಗ್ಗಿಗೊಂದು, ಹೆಂಗಸರು ತಾರ್ಲೆ ಕುಣಿಯೋಕೆ ಬೇರೆ. ಪುಸ್ತಕ ಇಲ್ಲ, ನೋಟ್ಸ್ ಇಲ್ಲ, ಪಕ್ಕದಲ್ಲಿ ನಿಂತು ಸಸಿ ನೆಡೋ ಹುಡುಗಿಗೆ ಮಳೆಗಾಲ ಮುಗಿಯೋದ್ರೊಳಗೆ ಹಾಡು ಬಂದಿರ್ತಿತ್ತು. ಈಗ ಆ ಗದ್ದೆಯಲ್ಲಿ ಎಷ್ಟು ಜನ ಇದಾರೆ? ಸೀಬರ್ಡ್ ನೌಕಾನೆಲೆಗೆ ಅಂತ ಕಾರವಾರ ಅಂಕೋಲೆಯ ಎಷ್ಟೋ ಊರು ಎದ್ದೋದ್ವು, ಈಗ ಅಲಗೇರಿ ಕಡೆ ವಿಮಾನ ನಿಲ್ದಾಣಕ್ಕೆ ಜಾಗ ಹೋಗ್ತಿದೆ, ಹೆದ್ದಾರಿ ಅಗಲ ಆಯ್ತು, ಉಳಿದ ಗದ್ದೆಯಲ್ಲಿ ಎಷ್ಟೋ ಬೆಳೆ ಇಲ್ದೆ ಹಡಿಲು ಬಿದ್ದಿದೆ. ಗದ್ದೆ ಹೋದ್ರೆ ಅಕ್ಕಿ ಅಂಗಡಿಯಿಂದ ತರಬಹುದು. ನಟ್ಟಿ ಹಾಡು ಯಾವ ಅಂಗಡಿಯಲ್ಲಿ ಸಿಗ್ತದೆ? ಮದುವೆ ಮನೆಯಲ್ಲಿ ಶಾಸ್ತ್ರ ನಡೀವಾಗ್ಲೇ ಡಿಜೆ ಹಾಕ್ತಾರೆ, ಹಾಡು ಬರೋ ಅಜ್ಜಿಯಂದಿರು ಮೂಲೆಯಲ್ಲಿ ಕೂತು ಊಟ ಮಾಡ್ಕೊಂಡು ಹೋಗ್ತಾರೆ. ನನಗೆ ಅದನ್ನ ನೋಡೋಕಾಗಲ್ಲ.

ಪಕ್ಕದ ಗೋವಾದ ಒಂದು ಉದಾಹರಣೆ ಹೇಳ್ತೀನಿ, ಕಾಳಿ ಸೇತುವೆ ದಾಟಿ ಒಂದಿಷ್ಟು ದೂರ ಹೋದ್ರೆ ಗೋವಾ ಅಷ್ಟೇ, ನಮಗೇನು ಬೇರೆ ದೇಶ ಅಲ್ಲ. ಮುಂಬೈಯಲ್ಲಿ ಜಾಝ್ ಅಂದ್ರೆ ಒಂದು ಕಾಲದಲ್ಲಿ ಗೋವಾದವ್ರೇ. ಚಿಕ್ ಚಾಕಲೇಟ್ ಅಂತ ಹೆಸರಾದ ಟ್ರಂಪೆಟ್ ವಾದಕ, ಅವ್ರ ನಿಜವಾದ ಹೆಸರು ಆಂಟೋನಿಯೊ ಝೇವಿಯರ್ ವಾಝ್, ಅಲ್ಡೋನಾ ಅನ್ನೋ ಊರಿನವ್ರು, ಮುಂಬೈ ತಾಜ್ ಹೋಟೆಲಲ್ಲಿ ಬ್ಯಾಂಡ್ ನಡೆಸಿದ್ರು, ಜನ ಅವ್ರನ್ನ ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಿದ್ರು. ಸ್ಯಾಕ್ಸೋಫೋನ್‌ನ ಬ್ರಾಝ್ ಗೊನ್ಸಾಲ್ವಿಸ್ ಕೂಡ ಗೋವಾದವ್ರೇ. ಹಿಂದಿ ಸಿನಿಮಾದ ಆರ್ಕೆಸ್ಟ್ರಾ ತುಂಬಾ ಅವ್ರೇ ಇದ್ರು. ಅಷ್ಟು ಸಣ್ಣ ಜಾಗದಿಂದ ಅಷ್ಟು ಜನ ಹೆಂಗೆ ಬಂದ್ರು ಅಂದ್ರೆ ಅಲ್ಲಿ ಇಗರ್ಜಿಗೆ ಸೇರಿದ ಸಂಗೀತ ಶಾಲೆ ಇರ್ತಿತ್ತು, ಅದಕ್ಕೊಬ್ರು ಮೆಸ್ತ್ರಿ ಇರ್ತಿದ್ರು, ಬಡವರ ಮಕ್ಕಳಿಗೂ ಸ್ವರ ಓದೋದು, ಪಿಟೀಲು ಹಿಡಿಯೋದು ಸಣ್ಣವ್ರಿದ್ದಾಗ್ಲೇ ಬರ್ತಿತ್ತು. ಜಾಝ್ ಅಮೆರಿಕದ ಕಪ್ಪು ಜನರ ಸಂಗೀತ, ಗೋವಾದ ಇಗರ್ಜಿಯಲ್ಲಿ ಅದನ್ನ ಯಾರೂ ಕಲಿಸ್ಲಿಲ್ಲ, ಆದ್ರೆ ಕಲಿಯೋಕೆ ಒಂದು ಜಾಗ ಒಬ್ರು ಗುರು ಅಂತ ಇದ್ದಿದ್ದಕ್ಕೆ ಮುಂದೆ ಯಾವ ಸಂಗೀತ ಸಿಕ್ಕಿದ್ರೂ ಅವ್ರು ಅದನ್ನ ತಮ್ಮದು ಮಾಡ್ಕೊಂಡ್ರು.

ಇನ್ನೂ ಒಂದಿದೆ. ನಮ್ಮ ಹಾಲಕ್ಕಿಗಳ ಗುಮಟೆ ಇದೆಯಲ್ಲ, ಮಣ್ಣಿನ ಮಡಕೆಗೆ ಒಂದು ಕಡೆ ಚರ್ಮ ಕಟ್ಟಿ ಬಾರಿಸೋದು, ಗೋವಾದಲ್ಲಿ ಅದನ್ನೇ ಘುಮಟ ಅಂತಾರೆ. ಮುಂಚೆ ಉಡದ ಚರ್ಮ ಕಟ್ತಿದ್ರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಹಂಗಾಗಿ ವಾದ್ಯವೇ ಮೂಲೆ ಸೇರೋ ಹಂಗಾಗಿತ್ತು. ಅಲ್ಲಿಯವ್ರು ಆಡಿನ ಚರ್ಮ ಹಾಕಿ ನಡೆಸಿದ್ರು, 2019ರಲ್ಲಿ ಗೋವಾ ಸರ್ಕಾರ ಅದನ್ನ ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಣೆ ಮಾಡ್ತು. ಅದೇ ವಾದ್ಯ ಇಲ್ಲಿ ಹಾಲಕ್ಕಿ ಕೊಪ್ಪದಲ್ಲಿ ಅಟ್ಟದ ಮೇಲೆ ಇದೆ. ಗುಮಟೆ ಬಾರಿಸ್ತಾ ಪಾಂಗು ಅನ್ನೋ ಹಾಡು ಹೇಳೋ ಗಂಡಸರು ಇನ್ನೂ ಇದಾರೆ, ಅವ್ರಿಗೂ ವಯಸ್ಸಾಯ್ತು.

ಹಾಡು ಬರೆದಿಟ್ಟಿಲ್ವಾ ಅಂತ ಕೇಳ್ತಾರೆ. ಬರೆದಿಟ್ಟವ್ರು ಇದಾರೆ, ನಮ್ಮ ಪುಣ್ಯ. ಕುಮಟೆಯ ಎಲ್.ಆರ್. ಹೆಗಡೆಯವ್ರು, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಊರೂರು ತಿರುಗಿ ಸಂಗ್ರಹ ಮಾಡಿದ್ದು ದೊಡ್ಡ ಕೆಲಸ, ಅವ್ರಿಗೆ ಎಷ್ಟು ಕೈ ಮುಗಿದ್ರೂ ಸಾಲಲ್ಲ. ಕಾರವಾರ ಆಕಾಶವಾಣಿಯವ್ರೂ ಸುಕ್ರಜ್ಜಿ ಹಾಡು ಧ್ವನಿಮುದ್ರಣ ಮಾಡಿ ಪ್ರಸಾರ ಮಾಡಿದಾರೆ, ನಮ್ಮ ಮನೆ ರೇಡಿಯೋದಲ್ಲೇ ಕೇಳಿದ್ದು ನೆನಪಿದೆ. ಆದ್ರೆ ಪುಸ್ತಕದಲ್ಲಿ ಹಾಡಿನ ಧಾಟಿ ಬರಲ್ಲ. ಎಲ್ಲಿ ಎಳೀಬೇಕು, ಎಲ್ಲಿ ಉಸಿರು ಬಿಡ್ಬೇಕು, ಯಾವ ಸೊಲ್ಲನ್ನ ಎರಡು ಸಲ ಹೇಳ್ಬೇಕು ಅನ್ನೋದು ಕಿವಿಯಿಂದ್ಲೇ ಬರ್ಬೇಕು. ಧ್ವನಿಮುದ್ರಣ ಇದ್ರೂ ಅದು ಕಪಾಟಿನೊಳಗೆ ಇದ್ರೆ ಬಡಗೇರಿಯ ಹುಡುಗಿಗೆ ಏನು ಪ್ರಯೋಜನ, ಅವಳ ಅಜ್ಜಿಯ ಹಾಡು ಅವಳ ಮೊಬೈಲಿಗೆ ಬರ್ಬೇಕು, ಕಾಸಿಲ್ದೆ, ಅರ್ಜಿ ಗುಜರಾಯಿಸ್ದೆ.

ಹಂಗಾಗಿ ಜಿಲ್ಲಾಡಳಿತ, ಜಾನಪದ ಅಕಾಡೆಮಿ, ಶಿಕ್ಷಣ ಇಲಾಖೆ ಎಲ್ರಿಗೂ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ಳೋದು ಇಷ್ಟು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರದ ಹಾಲಕ್ಕಿ ಮಕ್ಕಳು ಇರೋ ಶಾಲೆಗಳಲ್ಲಿ ಹಾಡು ಬರೋ ಅಜ್ಜಿಯಂದಿರನ್ನ ಅತಿಥಿ ಶಿಕ್ಷಕರ ಹಂಗೆ ಕರೆಸಿ, ಗೌರವಧನ ಕೊಡಿ, ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸೋದಲ್ಲ, ಸಂಬಳದ ಹಂಗೆ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬೀಳ್ಬೇಕು. ಗದ್ದೆ ಕೂಲಿ ಬಿಟ್ಟು ಬರೋವ್ರು ಅವ್ರು, ಒಂದು ದಿನದ ಕೂಲಿ ಅಂದ್ರೆ ಅವ್ರಿಗೆ ದೊಡ್ಡದು. ಇಬ್ಬಿಬ್ಬರನ್ನ ಒಟ್ಟಿಗೆ ಕರೆಸಿ, ಯಾಕೆ ಅಂತ ಮೇಲೆ ಹೇಳಿದೀನಿ. ಕ್ಲಾಸ್‌ರೂಮ್ ಬೇಡ, ಶಾಲೆ ಹಿತ್ತಿಲಲ್ಲಿ ತರಕಾರಿ ಪಾತಿ ಮಾಡ್ತೀವಲ್ಲ ಅಲ್ಲೇ ಆಗ್ಲಿ, ಮಕ್ಕಳು ಕಳೆ ಕೀಳ್ತಾ ಕಲೀಲಿ. ಪ್ರತಿಭಾ ಕಾರಂಜಿಯಲ್ಲಿ ಇಷ್ಟೇ ನಿಮಿಷ ಅಂತ ಹಾಡು ಕತ್ತರಿಸೋದನ್ನೂ ಈ ಹಾಡುಗಳಿಗೆ ಸಡಿಲ ಮಾಡಿ, ಅಷ್ಟು ಹೊತ್ತಲ್ಲಿ ಮದುಮಗಳು ಮನೆ ಹೊಸಿಲೂ ದಾಟಿರಲ್ಲ.

ಹಾಲಕ್ಕಿ ಸಮಾಜದ ಹಿರಿಯರಿಗೂ ಒಂದು ಮಾತು ಹೇಳ್ತೀನಿ, ನಾನು ಆ ಸಮಾಜದವಳಲ್ಲ, ಆದ್ರೂ ನಿಮ್ಮ ಮಕ್ಕಳಿಗೆ ಪಾಠ ಹೇಳೋಳು ಅನ್ನೋ ಸಲಿಗೆಯಿಂದ. ಸುಗ್ಗಿ ಬಂದ್ರೆ ಬೆಳಂಬಾರದ ತಂಡ ತುರಾಯಿ ಕಟ್ಕೊಂಡು ಅಂಕೋಲೆ ಪೇಟೆಗೆ ಬಂದು ತಾಲೂಕಾಫೀಸಿನ ಎದುರು ಕುಣಿಯೋದು ನೋಡೋಕೆ ನಾವೆಲ್ಲ ಓಡಿ ಬರ್ತೀವಿ, ಅದು ಇವತ್ತಿಗೂ ನಿಂತಿಲ್ಲ, ಯಾಕಂದ್ರೆ ಅದನ್ನ ನೀವು ಊರಿನ ಕೆಲಸ ಅಂತ ಹಿಡ್ಕೊಂಡಿದೀರಿ. ಹೆಂಗಸರ ಹಾಡನ್ನೂ ಹಂಗೇ ಊರಿನ ಕೆಲಸ ಅಂತ ಹಿಡೀರಿ. ಮದುವೆ ಮನೆಯಲ್ಲಿ ಡಿಜೆ ರಾತ್ರಿಗೆ ಇರ್ಲಿ, ಶಾಸ್ತ್ರದ ಹೊತ್ತಿಗೆ ಅಜ್ಜಿಯಂದಿರು ಹೇಳ್ಲಿ ಅಂತ ಊರಗೌಡ್ರು ಒಂದು ಮಾತು ಹೇಳಿದ್ರೆ ಯಾರೂ ಮೀರಲ್ಲ ಅಂತ ನನಗೆ ಗೊತ್ತು.

ಕೊನೆಯದು ಸಂಪಾದಕರೇ ನಿಮಗೆ. ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಮೂಲೆ ಕೊಡಿ. ಒಂದು ಹಾಡು, ಅದನ್ನ ಹೇಳಿದ ಅಜ್ಜಿ ಹೆಸರು, ಊರು, ಯಾವ ಕೆಲಸಕ್ಕೆ ಯಾವ ಶಾಸ್ತ್ರಕ್ಕೆ ಹೇಳೋದು ಅಂತ ಎರಡು ಸಾಲು, ಪಕ್ಕದಲ್ಲಿ ಮೊಬೈಲಿಂದ ಸ್ಕ್ಯಾನ್ ಮಾಡಿ ಕೇಳೋ ಕೋಡ್. ಹೇಳಿದವ್ರ ಒಪ್ಪಿಗೆ ಕೇಳಿಯೇ ಹಾಕಿ. ನಮ್ಮ ಶಾಲೆಯಲ್ಲಿ ಅಜ್ಜಿ ಹೇಳಿದ್ದನ್ನ ನಾವು ರೆಕಾರ್ಡ್ ಮಾಡಿ ಇಟ್ಕೊಂಡಿದೀವಿ, ಅವ್ರೂ ಅಡುಗೆಯ ಅಕ್ಕನೂ ಹೂಂ ಅಂದಿದಾರೆ, ಮೊದಲ ವಾರಕ್ಕೆ ನಾವೇ ಕಳಿಸಿಕೊಡ್ತೀವಿ.

ಇಂತಿ,
ಒಬ್ಬ ಶಾಲಾ ಅಕ್ಕೋರು
ಅಂಕೋಲಾ ತಾಲೂಕು, ಉತ್ತರ ಕನ್ನಡ