ಜಿಂಜರ್‌ಬ್ರೆಡ್ ಮನೆಯನ್ನು ಮಕ್ಕಳೇ ಸಿಂಗರಿಸಲಿ

ಮಾನ್ಯ ಸಂಪಾದಕರೆ,

ಕ್ರಿಸ್‌ಮಸ್ ಸಿದ್ಧತೆಗಳನ್ನು ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನೂ, ಅದರೊಂದಿಗೆ ಅಚ್ಚಾದ ಆಳೆತ್ತರದ ಜಿಂಜರ್‌ಬ್ರೆಡ್ (ಶುಂಠಿ, ಮಸಾಲೆ ಬೆರೆಸಿ ಬೇಕ್ ಮಾಡಿದ ಬಿಸ್ಕತ್ತಿನಂಥ ತಿನಿಸು) ಮನೆಯ ಚಿತ್ರವನ್ನೂ ನೋಡಿದೆ. ಹೋಟೆಲಿನ ಬಾಣಸಿಗರ ಕುಸುರಿ ಕೆಲಸ ಮೆಚ್ಚುವಂಥದ್ದೇ. ಆದರೆ ಮಕ್ಕಳಿಗಾಗಿ ಅಲ್ಲಿ ಏರ್ಪಡಿಸಿರುವ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಸಿಂಗರಿಸಿದ ಮನೆಗೆ ಬಹುಮಾನವೆಂದು ಓದಿದಾಗ ಈ ಪತ್ರ ಬರೆಯಬೇಕೆನ್ನಿಸಿತು. ಅಚ್ಚುಕಟ್ಟಿಗೆ ಬಹುಮಾನ ಎಂದೊಡನೆ ಸಿಂಗಾರದ ಸಕ್ಕರೆಯನ್ನು ಹಿಂಡುವ ಕೊಳವೆ ಮಗುವಿನ ಕೈಯಿಂದ ತಾಯಿ ತಂದೆಯರ ಕೈಗೆ ಹೋಗುತ್ತದೆ. ಆ ಬಳಿಕ ಮಗು ತನ್ನ ಮನೆಯ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ.

ನಾನು ನಾರ್ವೆಯ ಬರ್ಗನ್ ನಗರದಲ್ಲಿ ನೆಲೆಸಿದ್ದೇನೆ. ಇಲ್ಲಿ 1991ರಿಂದಲೂ ಚಳಿಗಾಲದಲ್ಲಿ ಜಿಂಜರ್‌ಬ್ರೆಡ್ಡಿನದೇ ಒಂದು ಪುಟ್ಟ ಪಟ್ಟಣ ತಲೆಯೆತ್ತುತ್ತದೆ. ‘ಪೆಪ್ಪರ್‌ಕಾಕೆಬ್ಯೂಯನ್’ ಎಂದು ಕರೆಯುವ ಈ ಪಟ್ಟಣ ಜಗತ್ತಿನಲ್ಲೇ ಅತಿ ದೊಡ್ಡದೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮನೆಗಳಲ್ಲದೆ ಹಡಗು, ರೈಲು, ಚರ್ಚು, ಹಳೆಯ ಬಂದರಿನ ಸಾಲುಮನೆಗಳು ಎಲ್ಲವೂ ಅದರಲ್ಲಿರುತ್ತವೆ. ಇವುಗಳನ್ನು ಬೇಕ್ ಮಾಡಿ, ಸಿಂಗರಿಸಿ, ಜೋಪಾನವಾಗಿ ಹೊತ್ತು ತರುವವರಲ್ಲಿ ಶಿಶುವಿಹಾರದ ಮಕ್ಕಳಿದ್ದಾರೆ, ಶಾಲೆಗಳಿವೆ, ಕುಟುಂಬಗಳಿವೆ, ಊರಿನ ಸಂಸ್ಥೆಗಳೂ ಇವೆ. ನುರಿತವರು ಅಳೆದು ಕಟ್ಟಿದ ಕಟ್ಟಡಕ್ಕೆ ಸಿಕ್ಕುವ ದೀಪದ ಬೆಳಕೇ ಛಾವಣಿ ವಾಲಿದ, ಬಾಗಿಲಿಗಿಂತ ಅದರ ಮೇಲಿನ ಮಿಠಾಯಿಯೇ ದೊಡ್ಡದಾದ ಮನೆಗೂ ಸಿಕ್ಕುತ್ತದೆ. 2009ರಲ್ಲಿ ದುಷ್ಕರ್ಮಿ ಒಳನುಗ್ಗಿ ಈ ಪಟ್ಟಣವನ್ನು ಪುಡಿಗಟ್ಟಿದಾಗ ಊರಿನ ಜನರು ಮತ್ತೆ ಹಿಟ್ಟು ಕಲಸಿ, ಹೊಸ ಮನೆಗಳನ್ನು ಮಾಡಿ ತಂದು ಅದನ್ನು ನಿಲ್ಲಿಸಿದರು. ಬಾಣಸಿಗರಷ್ಟೇ ಕಟ್ಟಿದ ಪ್ರದರ್ಶನವಾಗಿದ್ದರೆ ಊರಿಗೆ ಊರೇ ಹಾಗೆ ಕೈಜೋಡಿಸುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಈ ಮನೆಗಳ ಜನಪ್ರಿಯತೆಗೆ ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಹಾನ್ಸೆಲ್ ಮತ್ತು ಗ್ರೇಟೆಲ್ ಕಥೆಯ ನಂಟಿದೆ. ಆ ಕಥೆಯಲ್ಲಿ ಮನೆ ಬ್ರೆಡ್ಡಿನದು, ಛಾವಣಿ ಕೇಕಿನದು, ಕಿಟಕಿ ಸಕ್ಕರೆಯದು. ಹಸಿದ ಇಬ್ಬರು ಮಕ್ಕಳು ಅದನ್ನು ಮುರಿದು ತಿನ್ನುತ್ತಾರೆ. ಮಕ್ಕಳು ಮುಟ್ಟುವುದಕ್ಕೂ ತಿನ್ನುವುದಕ್ಕೂ ಆಸೆಪಡುವ ಮನೆಯನ್ನು ಹಗ್ಗ ಕಟ್ಟಿ ದೂರವಿಡುವುದು ಆ ಕಥೆಗೂ ಒಗ್ಗುವುದಿಲ್ಲ.

ಇನ್ನು, ಮಕ್ಕಳ ಕೈಗೆ ಕೊಟ್ಟರೆ ಮನೆ ನಿಲ್ಲುವುದೇ ಇಲ್ಲ ಎಂಬ ಅಳುಕು ಅನೇಕ ಪೋಷಕರಿಗಿರುತ್ತದೆ. ಮನೆ ಕುಸಿಯಲು ಹೆಚ್ಚಾಗಿ ಕಾರಣವಾಗುವುದು ಹಿರಿಯರ ಅವಸರ. ಸಿರಪ್ಪು, ಬೆಣ್ಣೆ, ಶುಂಠಿ, ದಾಲ್ಚಿನ್ನಿ, ಲವಂಗಗಳ ಜೊತೆಗೆ ನಮ್ಮ ಕರಾವಳಿ, ಮಲೆನಾಡುಗಳ ಜನರಿಗೆ ಚಿರಪರಿಚಿತವಾದ ಕಾಳುಮೆಣಸನ್ನೂ ಸೇರಿಸಿ ಕಲಸಿದ ಹಿಟ್ಟನ್ನು ಒಂದು ರಾತ್ರಿ ತಣ್ಣಗಿಡಬೇಕು. ಹಿಟ್ಟು ಉಬ್ಬಿದರೆ ಗೋಡೆಗಳ ಅಂಚು ಕೆಡುವುದರಿಂದ ಸೋಡವನ್ನು ಕಡಿಮೆ ಹಾಕಿ, ರಟ್ಟಿನ ಅಚ್ಚಿನಂತೆ ಕತ್ತರಿಸಿ, ಬೆಂದ ಕೂಡಲೇ ಬಿಸಿಯಿರುವಾಗಲೇ ಅಂಚುಗಳನ್ನು ಮತ್ತೊಮ್ಮೆ ನೇರಮಾಡಿಕೊಳ್ಳಬೇಕು. ಗೋಡೆಗಳನ್ನು ಮೇಜಿನ ಮೇಲೆ ಮಲಗಿಸಿಯೇ ಮಕ್ಕಳಿಗೆ ಸಿಂಗರಿಸಲು ಕೊಟ್ಟರೆ ಸಕ್ಕರೆ ಜಾರದು, ಪುಟ್ಟ ಕೈಗಳಿಗೂ ಎಟುಕುತ್ತದೆ. ಬಳಿಕ ನಾಲ್ಕು ಗೋಡೆಗಳನ್ನು ಅಂಟಿಸಿ, ಒಳಗೂ ಹೊರಗೂ ಲೋಟಗಳನ್ನು ಆನಿಸಿ, ಕೆಲವು ಗಂಟೆ ಒಣಗಲು ಬಿಟ್ಟ ಮೇಲೆಯೇ ಛಾವಣಿ ಇಡಬೇಕು. ಈ ಕಾಯುವಿಕೆಯನ್ನು ತಪ್ಪಿಸಿ ಎರಡು ತಾಸಿನ ಕಾರ್ಯಾಗಾರದಲ್ಲಿ ಎಲ್ಲವನ್ನೂ ಮುಗಿಸಹೊರಟರೆ ಛಾವಣಿ ಜಾರುವುದು ಖಂಡಿತ, ಆಗ ಹಿರಿಯರು ಕೈ ಹಾಕುವುದೂ ಖಂಡಿತ.

ಸುರಕ್ಷತೆಯ ಎರಡು ಮಾತುಗಳನ್ನು ಆಯೋಜಕರು ದಯವಿಟ್ಟು ಗಮನಿಸಬೇಕು. ಸ್ಕ್ಯಾಂಡಿನೇವಿಯಾದ ಮನೆಗಳಲ್ಲಿ ಗೋಡೆಗಳನ್ನು ಕರಗಿಸಿದ ಸಕ್ಕರೆಯಿಂದ ಅಂಟಿಸುವ ರೂಢಿಯಿದೆ; ಅದು ಬಲವಾಗಿ ಹಿಡಿಯುತ್ತದೆ ನಿಜ, ಆದರೆ ಕುದಿಯುವ ನೀರಿಗಿಂತಲೂ ಹೆಚ್ಚು ಬಿಸಿಯಿರುವ ಆ ಪಾಕ ಚರ್ಮಕ್ಕೆ ತಗಲಿದರೆ ಅಂಟಿಕೊಂಡೇ ಸುಡುವುದರಿಂದ ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡಬಾರದು. ಐಸಿಂಗ್ ಸಕ್ಕರೆಯನ್ನು ಮೊಟ್ಟೆಯ ಬಿಳಿಯಲ್ಲಿ ಕಲಸುವುದು ಇನ್ನೊಂದು ವಿಧಾನ. ಹಸಿ ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದ್ದು, ಮಕ್ಕಳು ಬೆರಳು ನೆಕ್ಕದೆ ಇರುವುದಿಲ್ಲವಾದ್ದರಿಂದ ಪಾಶ್ಚರೀಕರಿಸಿದ (ಹದವಾಗಿ ಬಿಸಿಮಾಡಿ ರೋಗಾಣು ಕೊಂದ) ಬಿಳಿಯನ್ನೋ, ಒಣಗಿಸಿದ ಮೊಟ್ಟೆಯ ಬಿಳಿಯಿಂದಾದ ಮೆರಿಂಗ್ ಪುಡಿಯನ್ನೋ ಬಳಸುವುದು ಕ್ಷೇಮ. ಮಂಗಳೂರಿನಂಥ ಕರಾವಳಿಯ ಊರುಗಳಲ್ಲಿ ಸಿರಪ್ಪು ಗಾಳಿಯ ತೇವವನ್ನು ಹೀರಿ ಗೋಡೆಗಳು ಮೆತ್ತಗಾಗುತ್ತವೆ. ಅಲ್ಲಿ ತುಸು ಹೆಚ್ಚು ಹೊತ್ತು ಬೇಕ್ ಮಾಡಿ, ಮನೆಯನ್ನು ಚಿಕ್ಕದಾಗಿಯೇ ಕಟ್ಟಿ, ಬೇಗ ತಿಂದು ಮುಗಿಸುವುದು ಒಳಿತು. ಬಿಸಿ ಅಂಟಿನಿಂದ ರಟ್ಟಿಗೆ ಬಿಸ್ಕತ್ತು ಅಂಟಿಸಿದ ಮನೆ ಬಹುಕಾಲ ಉಳಿದರೂ ತಿನ್ನಲು ಬಾರದ ಮನೆಯನ್ನು ಮಗುವಿನ ಮುಂದಿಡುವುದು ನನಗೆ ಸರಿಕಾಣುವುದಿಲ್ಲ.

ಮಂಗಳೂರಿನ ಕ್ರೈಸ್ತ ಕುಟುಂಬಗಳು ಕ್ರಿಸ್‌ಮಸ್‌ಗೆ ಕುಸ್ವಾರ್ ಎಂಬ ಬಗೆಬಗೆಯ ಹಬ್ಬದ ತಿಂಡಿಗಳನ್ನು ಮಾಡುವುದನ್ನು ಬಲ್ಲವರಿಗೆ ನನ್ನ ಮಾತು ಹೊಸದೆನಿಸದು. ಅವುಗಳಲ್ಲೊಂದಾದ, ಹಿಟ್ಟನ್ನು ಸುರುಳಿ ಸುತ್ತಿ ಕರಿಯುವ ಕಿಡಿಯೊ ಮಾಡುವಾಗ ಮನೆಯ ಚಿಕ್ಕವರಿಗೂ ಒಂದು ಫೋರ್ಕು, ಒಂದು ಉಂಡೆ ಹಿಟ್ಟು ಸಿಕ್ಕುತ್ತದೆ. ಅವರ ಸುರುಳಿ ಸೊಟ್ಟಗಿದೆಯೆಂದು ಯಾರೂ ತಟ್ಟೆಯಿಂದ ತೆಗೆದಿಡುವುದಿಲ್ಲ. ಹೊರನಾಡಿನಿಂದ ಬಂದ ಈ ಹೊಸ ಪದ್ಧತಿಗೂ ಅದೇ ಔದಾರ್ಯ ಸಿಗಲಿ ಎಂಬುದು ನನ್ನ ಬಯಕೆ.

ಆದ್ದರಿಂದ ಸ್ಪರ್ಧೆಗಳ ಆಯೋಜಕರು ಅಚ್ಚುಕಟ್ಟಿನ ಬಹುಮಾನವನ್ನು ಕೈಬಿಟ್ಟು, ಮಕ್ಕಳು ಕಟ್ಟಿದ ಎಲ್ಲ ಮನೆಗಳನ್ನೂ ಒಂದೇ ಮೇಜಿನ ಮೇಲೆ ಬೀದಿಯಂತೆ ಜೋಡಿಸಿಡಲಿ. ನಿಮ್ಮ ಪತ್ರಿಕೆಯೂ ಮಕ್ಕಳ ಪುಟದಲ್ಲಿ ಗೋಡೆ, ಛಾವಣಿಗಳ ಅಳತೆಯ ನಕ್ಷೆಯನ್ನು ಅಚ್ಚುಹಾಕಿ, ಓದುಗ ಮಕ್ಕಳು ತಾವೇ ಸಿಂಗರಿಸಿದ ಮನೆಗಳ ಚಿತ್ರಗಳನ್ನು ಆರಿಸದೆ, ಬಂದದ್ದನ್ನೆಲ್ಲ ಪ್ರಕಟಿಸಬೇಕೆಂದು ಕೋರುತ್ತೇನೆ. ಡಿಸೆಂಬರ್ ಎರಡನೆಯ ವಾರದೊಳಗೆ ನಕ್ಷೆ ಬಂದರೆ ಹಬ್ಬಕ್ಕೆ ಮೊದಲು ಹಿಟ್ಟು ಕಲಸಲೂ ಗೋಡೆ ಒಣಗಲೂ ಸಮಯ ಸಿಗುತ್ತದೆ.

ಇಂತಿ,
ಬರ್ಗನ್‌ನಲ್ಲಿರುವ ನಿಮ್ಮ ಓದುಗ